ಮನೆಯ ಚಿತ್ರವೋ, ಪಾರ್ಕಿನ ಬೆಂಚೋ: ಬಾಡಿಗೆ ಕೋಣೆಯ ವೈಫೈಯ ಚರಿತ್ರೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ವಿಂಡೋಸ್ 7 ಇದ್ದ ಕಾಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಒಂದು ವಿಷಯ ನೆನಪಿರಬಹುದು. ಹೊಸ ವೈಫೈಗೆ ಕನೆಕ್ಟ್ ಆದ ಕೂಡಲೇ ಸ್ಕ್ರೀನಿನಲ್ಲಿ ಮೂರು ಚಿತ್ರ ಬರ್ತಿತ್ತು. ಒಂದು ಮನೆ, ಒಂದು ಕಚೇರಿ ಕಟ್ಟಡ, ಇನ್ನೊಂದು ಪಾರ್ಕಿನ ಬೆಂಚು. ನೀವು ಈಗ ಇರೋದು ಮನೆಯಲ್ಲಾ, ಕೆಲಸದ ಜಾಗದಲ್ಲಾ, ಸಾರ್ವಜನಿಕ ಜಾಗದಲ್ಲಾ ಅಂತ ಕಂಪ್ಯೂಟರ್ ಕೇಳ್ತಿತ್ತು.

ಈಗ ಯೋಚನೆ ಮಾಡಿ. ನೀವು ಮೂಡುಬಿದಿರೆ ಹತ್ತಿರ ಮಿಜಾರಿನ ಒಂದು ಪಿಜಿಯಲ್ಲಿದ್ದೀರಿ, ಅಥವಾ ಉಜಿರೆಯಲ್ಲಿ ನಾಲ್ಕು ಜನ ಸೇರಿ ಒಂದು ಬಾಡಿಗೆ ಮನೆ ಮಾಡಿದ್ದೀರಿ, ಅಥವಾ ಬಿ.ಸಿ.ರೋಡಿನ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದಿದ್ದೀರಿ. ಊಟ ಅಲ್ಲೇ, ನಿದ್ದೆ ಅಲ್ಲೇ. ಯಾವ ಚಿತ್ರ ಒತ್ತುತ್ತೀರಿ? ಮನೆಯದ್ದೇ ಅಲ್ವಾ. ಆದರೆ ಕಂಪ್ಯೂಟರ್ ಕೇಳಿದ್ದು ನೀವು ಎಲ್ಲಿ ಮಲಗ್ತೀರಿ ಅಂತ ಅಲ್ಲ. ಈ ವೈರಿನಲ್ಲಿ, ಈ ಗಾಳಿಯಲ್ಲಿ ಇನ್ನು ಯಾರೆಲ್ಲ ಇದ್ದಾರೆ, ಅವರನ್ನು ನಾನು ನಂಬಬಹುದಾ ಅಂತ.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಹಿಂದೆ ಸುಮಾರು 25 ವರ್ಷಗಳ ಪೆಟ್ಟು ಉಂಟು. ಇವತ್ತಿನ ಕಂತು ಆ ಪೆಟ್ಟುಗಳ ಚರಿತ್ರೆ. ನಾನು ಕಾಮರ್ಸ್ ಓದಿದವನು, ಎಂಜಿನಿಯರ್ ಅಲ್ಲ. ಹಾಗಾಗಿ ಲೆಕ್ಕದ ಪುಸ್ತಕ ಇಡುವವನ ಕಣ್ಣಿನಿಂದ ನೋಡ್ತೇನೆ: ಯಾರು ಯಾರನ್ನು ನಂಬಿದರು, ನಷ್ಟ ಯಾರ ಖಾತೆಗೆ ಬಿತ್ತು.

ಶುರುವಾಗೋದು 1982ರಲ್ಲಿ. ಒಂದೇ ನೆಟ್‌ವರ್ಕಿನಲ್ಲಿರುವ ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳಲು ಆ ವರ್ಷದ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಎಂಬವರು ಒಂದು ನಿಯಮ ಬರೆದರು. ಹೆಸರು ಎಆರ್‌ಪಿ. ಇವತ್ತಿಗೂ ನಿಮ್ಮ ಪಿಜಿಯ ವೈಫೈ ಅದರ ಮೇಲೆಯೇ ನಡೀತಾ ಉಂಟು. ಅದು ಹೇಗೆ ಅಂದರೆ, ನಮ್ಮ ಪ್ರೈವೇಟ್ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಹಾಗೆ. ಮಂಗಳೂರಿನಲ್ಲಿ ಕಂಡಕ್ಟರ್ ಕೈಗೆ ಒಂದು ಕವರ್ ಕೊಡ್ತಾರೆ. ಬಸ್ಸು ಮೂಡುಬಿದಿರೆ ಸ್ಟ್ಯಾಂಡಿಗೆ ಬಂದಾಗ ಕಂಡಕ್ಟರ್ ಕವರ್ ಎತ್ತಿ ಹಿಡಿದು, "ಇದು ಯಾರದ್ದು?" ಅಂತ ಕೂಗ್ತಾರೆ. "ನಂದು" ಅಂತ ಕೈ ಎತ್ತಿದವರಿಗೆ ಕೊಟ್ಟು ರೈಟ್ ಹೇಳ್ತಾರೆ. ಗುರುತಿನ ಚೀಟಿ ಕೇಳೋದಿಲ್ಲ. ಎಆರ್‌ಪಿಯೂ ಕೇಳೋದಿಲ್ಲ. "ಈ ನಂಬರಿನವರು ಯಾರು?" ಅಂತ ಒಂದು ಯಂತ್ರ ಎಲ್ಲರಿಗೂ ಕೇಳುವಂತೆ ಕೂಗ್ತದೆ, ಯಾರು ಉತ್ತರ ಕೊಡ್ತಾರೋ ಅವರ ಕೈಗೆ ಡೇಟಾ. ಪಕ್ಕದ ಕೋಣೆಯವನು ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು "ರೂಟರ್ ಅಂದರೆ ನಾನೇ" ಅಂತ ಉತ್ತರ ಕೊಟ್ಟರೆ, ನಿಮ್ಮ ಲ್ಯಾಪ್‌ಟಾಪ್ ನಂಬ್ತದೆ.

ಇದನ್ನು ಬರೆದವರು ದಡ್ಡರಲ್ಲ. ಆಗ ಒಂದು ನೆಟ್‌ವರ್ಕ್ ಅಂದರೆ ಒಂದು ಲ್ಯಾಬು, ಒಂದು ಆಫೀಸು. ಎಲ್ಲರೂ ಪರಸ್ಪರ ಮುಖ ನೋಡಿದವರು. ಒಳಗೆ ಇದ್ದಾನೆ ಅಂದರೆ ನಮ್ಮವನೇ ಅನ್ನುವ ಲೆಕ್ಕ. ಈ ಲೆಕ್ಕ ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ, ಮುಂದೆ ಬಂದ ಪ್ರತಿಯೊಂದು ವಸ್ತುವೂ ಅದನ್ನೇ ಹೊತ್ತುಕೊಂಡು ಬಂತು.

ವಿಂಡೋಸಿನ ಫೋಲ್ಡರ್ ಶೇರಿಂಗ್ ನೋಡಿ. 90ರ ದಶಕದಲ್ಲಿ ಆಫೀಸುಗಳಿಗೆ ಅದು ವರದಾನ. ನಮ್ಮ ಕಾಮರ್ಸಿನವರಿಗೆ ಉದಾಹರಣೆ ಹೇಳಬೇಕಾದರೆ ಟ್ಯಾಲಿ. 1986ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿಯದ್ದು. ಕಾಕತಾಳೀಯ ಏನಂದರೆ, ಅದೇ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮ 'ಬ್ರೇನ್' ಅನ್ನುವ ವೈರಸ್ ಬರೆದರು. ಐಬಿಎಂ ಮಾದರಿಯ ಪಿಸಿಗಳಿಗೆ ಬಂದ ಮೊದಲ ವೈರಸ್ ಅಂತ ಅದನ್ನು ಲೆಕ್ಕ ಹಾಕ್ತಾರೆ. ಇರಲಿ. ಟ್ಯಾಲಿಯ ಡೇಟಾ ಅಂದರೆ ಕೊನೆಗೆ ಒಂದು ಫೋಲ್ಡರ್. ನಾಲ್ಕು ಜನ ಕೆಲಸ ಮಾಡುವ ಆಫೀಸಿನಲ್ಲಿ ಒಂದು ಕಂಪ್ಯೂಟರಿನ ಫೋಲ್ಡರನ್ನು ಶೇರ್ ಮಾಡಿ, 'ಎವ್ರಿವನ್, ಫುಲ್ ಕಂಟ್ರೋಲ್' ಅಂತ ಟಿಕ್ ಹಾಕಿದರೆ ಎಲ್ಲರೂ ಎಂಟ್ರಿ ಮಾಡಬಹುದು. ಆಫೀಸಿನಲ್ಲಿ ಸರಿ. ಆದರೆ ಅದೇ ಲ್ಯಾಪ್‌ಟಾಪನ್ನು ಸಂಜೆ ಬ್ಯಾಗಿಗೆ ಹಾಕಿಕೊಂಡು ಬಿ.ಸಿ.ರೋಡಿನ ಕೋಣೆಗೆ ಬಂದು ಅಲ್ಲಿನ ವೈಫೈಗೆ ಕನೆಕ್ಟ್ ಮಾಡಿದರೆ? 'ಎವ್ರಿವನ್' ಅಂದರೆ ಈಗ ಬೇರೆಯೇ ಎವ್ರಿವನ್. ಅದರೊಳಗೆ ಇರೋದು ನಿಮ್ಮ ಲೆಕ್ಕವೂ ಅಲ್ಲ. ಯಾರೋ ಅಡಿಕೆ ವ್ಯಾಪಾರಿಯದ್ದು, ಯಾವುದೋ ಹಾರ್ಡ್‌ವೇರ್ ಅಂಗಡಿಯವರದ್ದು. ಅವರ ಜಿಎಸ್‌ಟಿ, ಅವರ ಬಾಕಿ ಪಟ್ಟಿ, ಅವರ ಬ್ಯಾಂಕ್ ವಿವರ.

ಮೊದಲ ದೊಡ್ಡ ಪೆಟ್ಟು 2003ರ ಆಗಸ್ಟಿನಲ್ಲಿ ಬಿತ್ತು. ಬ್ಲಾಸ್ಟರ್ ವರ್ಮ್. ಅದಕ್ಕಿಂತ ಮೊದಲು ನಮಗೆ ಗೊತ್ತಿದ್ದ ವೈರಸ್ ಅಂದರೆ ಫ್ಲಾಪಿಯಲ್ಲಿ ಬರೋದು, ಇಮೇಲಿನಲ್ಲಿ ಬರೋದು. ನಾವು ಏನಾದರೂ ಒತ್ತಬೇಕಿತ್ತು. ಬ್ಲಾಸ್ಟರಿಗೆ ಅದು ಬೇಡ. ನೆಟ್‌ವರ್ಕಿಗೆ ಕನೆಕ್ಟ್ ಆಗಿದ್ದರೆ ಸಾಕು, ವಿಂಡೋಸಿನ ಒಂದು ತೂತಿನಿಂದ ನೇರ ಒಳಗೆ. 60 ಸೆಕೆಂಡಿನ ಕೌಂಟ್‌ಡೌನ್ ಬಂದು ಕಂಪ್ಯೂಟರ್ ತಾನೇ ಬಂದ್ ಆಗ್ತಿತ್ತು. ಬೇಸರದ ಸಂಗತಿ ಏನಂದರೆ, ಆ ತೂತಿಗೆ ಮೈಕ್ರೋಸಾಫ್ಟ್ ಜುಲೈ 16ಕ್ಕೇ ತೇಪೆ ಕೊಟ್ಟಿತ್ತು. ವರ್ಮ್ ಬಂದದ್ದು ಆಗಸ್ಟ್ 11ಕ್ಕೆ. ಮುಂದಿನ ವರ್ಷ ಏಪ್ರಿಲ್ ಕೊನೆಗೆ ಸ್ಯಾಸರ್ ಬಂತು. ಬರೆದವನು ಜರ್ಮನಿಯ ಒಬ್ಬ ವಿದ್ಯಾರ್ಥಿ. ಅದಕ್ಕೂ ತೇಪೆ ಎರಡು ವಾರ ಮೊದಲೇ ಬಂದಿತ್ತು.

ಇದಾದ ಮೇಲೆ ಮೈಕ್ರೋಸಾಫ್ಟಿಗೆ ಬುದ್ಧಿ ಬಂತು ಅನ್ನಬಹುದು. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಗೆ ಸರ್ವೀಸ್ ಪ್ಯಾಕ್ 2 ಬಂತು, ಫೈರ್‌ವಾಲ್ ಮೊದಲಿನಿಂದಲೇ ಆನ್ ಆಗಿ ಬಂತು. ಕಂಪೌಂಡ್ ಗೋಡೆ ಎದ್ದಿತು. ಆದರೆ ಗೋಡೆಯಲ್ಲಿ ಒಂದು ಸಣ್ಣ ಗೇಟ್ ಇಟ್ಟಿದ್ದರು. ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಬೇಕು ಅಂದವರಿಗೆ ಗೋಡೆ ತೆರೆಯುತ್ತಿತ್ತು, ಆದರೆ ಇಡೀ ಇಂಟರ್ನೆಟ್ಟಿಗಲ್ಲ. ಅದೇ ನೆಟ್‌ವರ್ಕಿನವರಿಗೆ ಮಾತ್ರ. ಹೊರಗಿನವನು ಕಳ್ಳ, ಒಳಗಿನವನು ನೆಂಟ. 1982ರ ಲೆಕ್ಕವೇ ಮತ್ತೆ. 2007ರ ಆರಂಭದಲ್ಲಿ ವಿಸ್ಟಾ ಬಂದಾಗ ಮೊದಲ ಸಲ ಕಂಪ್ಯೂಟರ್ ನಿಮ್ಮನ್ನೇ ಕೇಳಿತು: ಒಳಗಿರುವವರು ನೆಂಟರು ಹೌದಾ? ಮನೆ, ಕಚೇರಿ, ಬೆಂಚು ಬಂದದ್ದು ಅಲ್ಲಿಂದ.

ಈ ಹೊತ್ತಿಗೆ ನಮ್ಮ ಕಡೆಗೂ ಬ್ರಾಡ್‌ಬ್ಯಾಂಡ್ ಬಂದಾಗಿತ್ತು. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾವನ್ ಶುರು ಮಾಡಿತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದೆ ಡೌನ್‌ಲೋಡ್ ಮಾಡಬಹುದಾದ ಪ್ಲಾನ್ ಇತ್ತು. ಅಲಾರಂ ಇಟ್ಟು ಏಳುವವರ ಒಂದು ತಲೆಮಾರೇ ಇತ್ತು ಅನ್ನಿ. ಮೋಡೆಮ್ ಒಳಗೆ ಹೋಗ್ಲಿಕ್ಕೆ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಈ ಎರಡು ಶಬ್ದ ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ಪೆನ್‌ಡ್ರೈವ್ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 2008ರ ನವೆಂಬರಿನಲ್ಲಿ ಬಂದ ಕಾನ್ಫಿಕರ್ ನೆಟ್‌ವರ್ಕಿನಿಂದಲೂ ಹರಡಿತು, ಪೆನ್‌ಡ್ರೈವಿನಿಂದಲೂ ಹರಡಿತು, ಶೇರ್ ಮಾಡಿದ ಫೋಲ್ಡರುಗಳ ಸುಲಭ ಪಾಸ್‌ವರ್ಡ್ ಊಹಿಸಿಯೂ ಹರಡಿತು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಹಾಸ್ಟೆಲಿನ ಎಷ್ಟು ಕೋಣೆ ಸುತ್ತುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಆದರೆ ಅದೇ 2008ರಲ್ಲಿ ಇನ್ನೊಂದು ಘಟನೆ ನಡೀತು. ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ. ಅದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಒಂದು ಇಮೇಲ್ ಬಂದಿತ್ತು. ಅದು ಎಲ್ಲಿಂದ ಬಂತು ಅಂತ ಪೊಲೀಸರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ನವಿ ಮುಂಬೈಯ ಒಂದು ಫ್ಲಾಟ್. ಅಲ್ಲಿದ್ದವರು ಕೆನೆತ್ ಹೇವುಡ್ ಎಂಬ ಅಮೆರಿಕನ್. ಅವರು ಕಳಿಸಿದ್ದಲ್ಲ, ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಯಾರೋ ಅದನ್ನು ಬಳಸಿದ್ದರು. ತನಿಖೆ, ವಿಚಾರಣೆ, ಪತ್ರಿಕೆಗಳಲ್ಲಿ ಹೆಸರು, ಇಷ್ಟೆಲ್ಲ ಅನುಭವಿಸಿದ್ದು ಆ ಮನುಷ್ಯ. ಮರುವರ್ಷ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಪೊಲೀಸರಿಗೆ ಕಾಣೋದು ಕನೆಕ್ಷನ್ ಯಾರ ಹೆಸರಲ್ಲಿ ಉಂಟು ಅನ್ನೋದು ಮಾತ್ರ. ಪಿಜಿಯಲ್ಲಿ ಅದು ಓನರ್ ಹೆಸರು, ಅಥವಾ ನಾಲ್ಕು ಜನರಲ್ಲಿ ಆಧಾರ್ ಕೊಟ್ಟ ಪಾಪದವನ ಹೆಸರು.

ಹಾಗಾದರೆ ಪಾಸ್‌ವರ್ಡ್ ಹಾಕಿದರೆ ಆಯ್ತಲ್ಲ? ಮೊದಲ ಬೀಗ ಡಬ್ಲ್ಯುಇಪಿಯನ್ನು 2001ರಲ್ಲೇ ಸಂಶೋಧಕರು ಮುರಿದು ತೋರಿಸಿದ್ದರು. 2004ರಲ್ಲಿ ಡಬ್ಲ್ಯುಪಿಎ2 ಬಂತು, ಗಟ್ಟಿ ಬೀಗ. ಆದರೆ ಅದು ಹೊರಗಿನವರಿಗೆ ಗಟ್ಟಿ. ಗೋಡೆಯಲ್ಲಿ ಚೀಟಿ ಅಂಟಿಸಿದ ಒಂದೇ ಪಾಸ್‌ವರ್ಡ್ ಎಂಟು ಜನರ ಹತ್ತಿರ ಇದ್ದರೆ, ಅವರಲ್ಲಿ ಒಬ್ಬನಿಗೆ ಇನ್ನೊಬ್ಬನ ಸಂಪರ್ಕವನ್ನು ಬಿಚ್ಚಿ ನೋಡಲು ದಾರಿ ಉಂಟು. ನಿಮ್ಮ ಲ್ಯಾಪ್‌ಟಾಪ್ ವೈಫೈಗೆ ಕನೆಕ್ಟ್ ಆಗುವ ಆ ಗಳಿಗೆಯ ಮಾತುಕತೆಯನ್ನು ಅವನು ಹಿಡಿದಿರಬೇಕು, ಅಷ್ಟೇ. 2018ರ ಡಬ್ಲ್ಯುಪಿಎ3 ಇದನ್ನು ಸರಿ ಮಾಡಿದೆ. ಆದರೆ ಪಿಜಿಯ ಹಳೆಯ ಡಬ್ಬದಲ್ಲಿ ಅದು ಇರಬೇಕಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮೂಡುಬಿದಿರೆಯದ್ದೇ ಒಂದು ಹಳೆಯ ಕಥೆ ಹೇಳ್ತೇನೆ, ಕ್ಷಮಿಸಿ, ಹೇಳದೆ ಇರ್ಲಿಕ್ಕೆ ಆಗೋದಿಲ್ಲ. ಧವಳಾ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಗುರು ಬಸದಿಯಲ್ಲಿ ಇದ್ದವು. ಹೊರಗಿನವರಿಗೆ ದರ್ಶನ ಮಾತ್ರ, ಪ್ರತಿ ಮಾಡಲು ಬಿಡ್ತಿರಲಿಲ್ಲ. ಹಳೆಯ ಗರಿಗಳು ಹಾಳಾಗ್ತಾ ಬಂದಾಗ, 19ನೇ ಶತಮಾನದ ಕೊನೆಗೆ ಅಲ್ಲೇ ಕೂತು ಹೊಸ ಪ್ರತಿ ಬರೆಯುವ ಕೆಲಸ ಶುರುವಾಯಿತು. ಬರೆಯುತ್ತಿದ್ದವರಲ್ಲಿ ಒಬ್ಬರು ಗಜಪತಿ ಉಪಾಧ್ಯಾಯರು. ಅವರು ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಯಾರಿಗೂ ತಿಳಿಯದಂತೆ ಇನ್ನೊಂದು ಕನ್ನಡ ಪ್ರತಿ ಮಾಡಿದರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಆ ಲಿಪಿಕಾರರೂ ತಮಗೊಂದು ಪ್ರತಿ ಇಟ್ಟುಕೊಂಡರು! ಕೊನೆಗೆ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಪುಸ್ತಕವಾಗಿ ಲೋಕಕ್ಕೆ ಸಿಕ್ಕಿತು. ನನಗೆ ಕೇಳಿದರೆ, ಸಿಕ್ಕಿದ್ದೇ ಒಳ್ಳೆಯದಾಯ್ತು. ಆದರೆ ಲೆಕ್ಕಿಗನಾಗಿ ಗಮನಿಸಿದ್ದು ಬೇರೆ: ಎರಡು ಸಲವೂ ಯಾರೂ ಬೀಗ ಒಡೆಯಲಿಲ್ಲ. ಒಳಗೆ ಕೂರಲು ಅನುಮತಿ ಇದ್ದವರ ಕೈಯಿಂದಲೇ ಪ್ರತಿ ಹೊರಗೆ ಹೋಯಿತು. ಧವಳಾ ಸರಿ, ಅಡಿಕೆ ವ್ಯಾಪಾರಿಯ ಬಾಕಿ ಪಟ್ಟಿ ಲೋಕಕ್ಕೆ ಸಿಗೋದು ಬೇಡ ಅಲ್ವಾ.

ಮತ್ತೆ ವೈಫೈಗೆ ಬರುವ. ಒಳಗಿನವನಿಗೆ ಎಷ್ಟು ಕಾಣ್ತದೆ ಅನ್ನುವುದನ್ನು ಲೋಕಕ್ಕೆ ತೋರಿಸಿದ್ದು 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್. ಫೈರ್‌ಶೀಪ್ ಅಂತ ಬ್ರೌಸರಿಗೆ ಹಾಕುವ ಒಂದು ಸಣ್ಣ ತುಂಡು. ಬೀಗವಿಲ್ಲದ ವೈಫೈಯಲ್ಲಿ ಕೂತರೆ, ಪಕ್ಕದವರ ಫೇಸ್‌ಬುಕ್ ಖಾತೆ ಪಟ್ಟಿಯಲ್ಲಿ ಬರ್ತಿತ್ತು. ಒತ್ತಿದರೆ ಅವರ ಹೆಸರಲ್ಲಿ ಒಳಗೆ. ಪಾಸ್‌ವರ್ಡ್ ಬೇಡ. ಆಗ ಸೈಟುಗಳು ಲಾಗಿನ್ ಪುಟಕ್ಕೆ ಮಾತ್ರ ಬೀಗ ಹಾಕಿ, ಉಳಿದದ್ದನ್ನು ಪೋಸ್ಟ್ ಕಾರ್ಡಿನ ಹಾಗೆ ಕಳಿಸುತ್ತಿದ್ದವು. ಬಟ್ಲರ್ ಮಾಡಿದ್ದು ಸರಿಯಾ ಅಂತ ಜಗಳ ಆಯ್ತು. ಫಲ ಮಾತ್ರ ಕಣ್ಣೆದುರೇ ಉಂಟು: ಜಿಮೇಲ್ ಆ ವರ್ಷದ ಆರಂಭದಲ್ಲೇ ಪೂರ್ತಿ ಎಚ್‌ಟಿಟಿಪಿಎಸ್‌ಗೆ ಹೋಗಿತ್ತು, ಫೇಸ್‌ಬುಕ್ 2013ರ ಹೊತ್ತಿಗೆ ಎಲ್ಲರಿಗೂ ಮಾಡಿತು, 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಬಂದು ಸಣ್ಣ ಸೈಟುಗಳಿಗೂ ಬೀಗ ಪುಕ್ಕಟೆ ಆಯ್ತು. ಇವತ್ತು ನಿಮ್ಮ ಪಕ್ಕದ ಕೋಣೆಯವನಿಗೆ ನೀವು ಬ್ಯಾಂಕಿನಲ್ಲಿ ಏನು ಟೈಪ್ ಮಾಡಿದ್ರಿ ಅಂತ ಕಾಣೋದಿಲ್ಲ. ಯಾವ ಸೈಟಿಗೆ ಹೋದ್ರಿ ಅನ್ನೋದು ಸಾಮಾನ್ಯವಾಗಿ ರೂಟರ್ ಹಿಡಿದವರಿಗೆ ಕಾಣ್ತದೆ.

ರೂಟರ್ ಹಿಡಿದವರು. ಅಡ್ಮಿನ್, ಅಡ್ಮಿನ್ ನೆನಪುಂಟಲ್ಲ?

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪರಸ್ ಝಾ ಅಂತ ಒಬ್ಬ ವಿದ್ಯಾರ್ಥಿ ಇದ್ದ. ತನ್ನದೇ ವಿಶ್ವವಿದ್ಯಾಲಯದ ನೆಟ್‌ವರ್ಕನ್ನು ಮತ್ತೆ ಮತ್ತೆ ಬೀಳಿಸಿದವನು. ಅವನು ಮತ್ತು ಇನ್ನಿಬ್ಬರು ಸೇರಿ 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಮಾಡಿದರು. ಅದರಲ್ಲಿ ಮಹಾ ಬುದ್ಧಿವಂತಿಕೆ ಎಂತದೂ ಇಲ್ಲ ಮಾರಾಯ್ರೆ. 60ರಷ್ಟು ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಇಂಟರ್ನೆಟ್ಟಿನಲ್ಲಿ ಸಿಗುವ ಕ್ಯಾಮರಾ, ರೂಟರುಗಳ ಬಾಗಿಲಿಗೆ ಹೋಗಿ ಒಂದೊಂದೇ ಕೀಲಿಕೈ ಹಾಕಿ ನೋಡೋದು. ಲಕ್ಷಗಟ್ಟಲೆ ಬಾಗಿಲು ತೆರೆದವು. ಅದರ ಕೋಡ್ ಹೊರಗೆ ಬಿದ್ದ ಮೇಲೆ, ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್ ಸಮೇತ ದೊಡ್ಡ ದೊಡ್ಡ ಸೈಟುಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ನಿಂತವು.

ಮರುವರ್ಷ ಅದು ಕರ್ನಾಟಕಕ್ಕೆ ಬಂತು, ಬೇರೆ ರೂಪದಲ್ಲಿ. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮುಗಳು ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿದವು. ಎಷ್ಟು ಅನ್ನುವುದರಲ್ಲಿ ಜಗಳ ಉಂಟು: ಸಂಸ್ಥೆಯ ಆಗಿನ ಮುಖ್ಯಸ್ಥ ಅನುಪಮ್ ಶ್ರೀವಾಸ್ತವ ಅವರು 2,000 ಎಂದರು, ಪತ್ರಿಕೆಗಳಲ್ಲಿ 60,000ದ ಲೆಕ್ಕ ಬಂತು. ಎರಡರ ನಡುವೆ 30 ಪಟ್ಟು ವ್ಯತ್ಯಾಸ, ನನ್ನ ಆಡಿಟಿಂಗ್ ಪಾಠ ಹೇಳಿದವರು ಕೇಳಿದ್ದರೆ ಎದೆ ಒಡೆಯುತ್ತಿತ್ತು. ಕಾರಣದಲ್ಲಿ ಮಾತ್ರ ಜಗಳ ಇಲ್ಲ. ಪೆಟ್ಟು ತಿಂದದ್ದು ಬರುವಾಗ ಇದ್ದ 'ಅಡ್ಮಿನ್' ಪಾಸ್‌ವರ್ಡನ್ನು ಹಾಗೆಯೇ ಬಿಟ್ಟ ಮೋಡೆಮುಗಳು. ಪಾಸ್‌ವರ್ಡ್ ಬದಲಾಯಿಸಿ ಅಂತ ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತು. ಬ್ರಿಕರ್‌ಬಾಟ್ ಎಂಬ ಮಾಲ್‌ವೇರ್ ಬರೆದ, ತನ್ನನ್ನು ಜಾನಿಟರ್ ಅಂತ ಕರೆದುಕೊಳ್ಳುತ್ತಿದ್ದ ಒಬ್ಬ ಅನಾಮಿಕ, ಇದು ತನ್ನದೇ ಕೆಲಸ ಅಂತ ಹೇಳಿಕೊಂಡ. ಅವನ ವಾದ ವಿಚಿತ್ರ: ಬಾಗಿಲು ತೆರೆದಿಟ್ಟ ಮೋಡೆಮ್ ಹೇಗೂ ಮಿರಾಯ್ ಕೈಗೆ ಹೋಗ್ತದೆ, ಅದಕ್ಕೆ ಮೊದಲೇ ನಾನು ಹಾಳು ಮಾಡ್ತೇನೆ. ಊರು ಸ್ವಚ್ಛ ಮಾಡುವ ಜಾನಿಟರ್ ಅಂತೆ. ಪರೀಕ್ಷೆ ಅರ್ಜಿ ತುಂಬಿಸ್ಲಿಕ್ಕೆ ಕೂತಿದ್ದ ಹುಡುಗಿಗೆ ಈ ತತ್ವಜ್ಞಾನದಿಂದ ಏನು ಉಪಯೋಗ ಅಂತ ಅವನು ಹೇಳಲಿಲ್ಲ.

ಜಾನಿಟರ್ ಮೋಡೆಮ್ ಹಾಳು ಮಾಡಿದ, ಹಾಗಾಗಿ ಗೊತ್ತಾಯ್ತು. ಅದೇ ಬಾಗಿಲಿನಿಂದ ಒಳಗೆ ಬಂದವನು ಏನನ್ನೂ ಹಾಳು ಮಾಡದೆ, ಒಂದು ಸೆಟ್ಟಿಂಗ್ ಮಾತ್ರ ಬದಲಾಯಿಸಿ, ನೀವು ಹೋಗಬೇಕಾದ ಸೈಟಿನ ಬದಲು ಬೇರೆ ಕಡೆಗೆ ಕಳಿಸಿದರೆ? ನೆಟ್ ನಡೀತಾ ಇರ್ತದೆ. ಯಾರೂ ಕಂಪ್ಲೇಂಟ್ ಕೊಡೋದಿಲ್ಲ.

ಅದೇ ವರ್ಷ ಮೇ 12ಕ್ಕೆ ವಾನಾಕ್ರೈ ಬಂದಿತ್ತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವರ್ಮ್. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಿದ್ದು ಅದೇ ಫೋಲ್ಡರ್ ಶೇರಿಂಗಿನ ಹಳೆಯ ದಾರಿಯಲ್ಲಿ. ತೇಪೆ ಮಾರ್ಚ್ 14ಕ್ಕೇ ಬಂದಿತ್ತು. 2003ರಲ್ಲೂ ಹೀಗೆ, 2017ರಲ್ಲೂ ಹೀಗೆ.

ಈ ನಡುವೆ ವಿಂಡೋಸ್ ಆ ಚಿತ್ರಗಳನ್ನು ಕೈಬಿಟ್ಟಿತ್ತು. ವಿಂಡೋಸ್ 10ರಲ್ಲಿ ಒಂದು ಯೆಸ್, ನೋ ಪ್ರಶ್ನೆ ಉಳಿಯಿತು. ವಿಂಡೋಸ್ 11 ಅದನ್ನೂ ಕೇಳದೆ ಹೊಸ ನೆಟ್‌ವರ್ಕನ್ನು ಪಬ್ಲಿಕ್ ಅಂತಲೇ ಇಟ್ಟುಕೊಳ್ತದೆ. ಬೆಂಚು ಗೆದ್ದಿತು. ಆದರೆ ಪ್ರಿಂಟರ್ ಸಿಗ್ತಿಲ್ಲ, ಗೇಮ್ ಕನೆಕ್ಟ್ ಆಗ್ತಿಲ್ಲ ಅಂತ ಯಾರಾದರೂ ಬಂದು ಪ್ರೈವೇಟ್ ಮಾಡಿ ಹೋಗಿರ್ತಾರೆ. ಅದನ್ನು ಇವತ್ತೇ ನೋಡಿ: ಸೆಟ್ಟಿಂಗ್ಸಿನ ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ವೈಫೈ ಹೆಸರನ್ನು ಒತ್ತಿದರೆ ಪಬ್ಲಿಕ್, ಪ್ರೈವೇಟ್ ಎರಡೂ ಕಾಣ್ತದೆ. ಪಿಜಿ, ಹಾಸ್ಟೆಲ್, ಶೇರಿಂಗ್ ಮನೆ ಎಲ್ಲವೂ ಪಬ್ಲಿಕ್. ಆಫೀಸಿನಲ್ಲಿ ಶೇರ್ ಮಾಡಿದ ಟ್ಯಾಲಿ ಫೋಲ್ಡರ್ ಇದ್ದರೆ 'ಎವ್ರಿವನ್' ತೆಗೆದು, ಪಾಸ್‌ವರ್ಡ್ ಇರುವ ಹೆಸರುಗಳಿಗೆ ಮಾತ್ರ ಕೊಡಿ. ವಿಂಡೋಸ್ 10ಕ್ಕೆ ಮಾಮೂಲಿ ತೇಪೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದೇ ನಡೀತಿದ್ದರೆ ಹೊಸದಕ್ಕೆ ಹೋಗ್ಲಿಕ್ಕೆ ಅಥವಾ ಹೆಚ್ಚುವರಿ ಅವಧಿಯ ತೇಪೆಗೆ ಸೇರ್ಲಿಕ್ಕೆ ದಾರಿ ನೋಡಿ. ಮುಖ್ಯ ಫೈಲುಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಡಿಸ್ಕನ್ನು ಕಳಚಿ ಇಡಿ. ಬ್ಯಾಂಕು, ಜಿಎಸ್‌ಟಿ ಕೆಲಸಕ್ಕೆ ನಿಮ್ಮದೇ ಫೋನಿನ ಹಾಟ್‌ಸ್ಪಾಟ್ ಸಾಕು, ಅದಕ್ಕೆ ಎಷ್ಟು ಡೇಟಾ ಹೋಗ್ತದೆ? ಪುಕ್ಕಟೆ ವಿಪಿಎನ್ ಆಪ್ ಹಾಕಬೇಡಿ. ಪಕ್ಕದ ಕೋಣೆಯವನನ್ನು ನಂಬದೆ, ಎಲ್ಲಿಯೋ ಇರುವ ಗುರುತಿಲ್ಲದವನನ್ನು ನಂಬಿದ ಹಾಗೆ ಆಗ್ತದೆ. ಮತ್ತೆ, ಸ್ನಾನಕ್ಕೆ ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಲಾಕ್ ಮಾಡಿ ಹೋಗಿ. ಹ್ಯಾಕರ್ ಅಂದರೆ ನಾವು ರಷ್ಯಾದವನನ್ನು ಊಹಿಸ್ತೇವೆ. ರೂಮ್‌ಮೇಟಿನ ಕೈ ಅದಕ್ಕಿಂತ ಹತ್ತಿರ ಉಂಟು.

ಉಳಿದದ್ದು ರೂಟರ್. ಅದು ನಿಮ್ಮದಲ್ಲ, ಓನರಿನದ್ದು. ಹಾಗಾಗಿ ಕೇಳಬೇಕು. "ಅಂಕಲ್, ವೈಫೈ ಪಾಸ್‌ವರ್ಡ್ ಅಲ್ಲ, ರೂಟರಿನ ಒಳಗೆ ಹೋಗ್ಲಿಕ್ಕೆ ಇರುವ ಪಾಸ್‌ವರ್ಡ್ ಬದಲಾಯಿಸಿದ್ದೀರಾ?" ಹೆಚ್ಚಾಗಿ ಬರುವ ಉತ್ತರ, "ಅದೆಲ್ಲ ಕೇಬಲಿನವರು ಮಾಡಿ ಹೋಗಿದ್ದಾರೆ ಮಾರಾಯಾ." ಕೇಬಲಿನವರು ಮಾಡಿರೋದಿಲ್ಲ. ಅವರ ಎದುರೇ, ಅವರ ಫೋನಿನಲ್ಲೇ ಮಾಡಿಕೊಡಿ. ಹೊಸ ಪಾಸ್‌ವರ್ಡನ್ನು ಅವರ ಡೈರಿಯಲ್ಲೇ ಬರೆದಿಡ್ಲಿಕ್ಕೆ ಹೇಳಿ, ನೀವು ಇಟ್ಟುಕೊಳ್ಳಬೇಡಿ. ಒಳಗೆ ಹೋದಾಗ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಅಂತ ಇದ್ದರೆ ಅದನ್ನು ಆನ್ ಮಾಡಿಸಿ. ಇಲ್ಲದಿದ್ದರೆ ಗೆಸ್ಟ್ ನೆಟ್‌ವರ್ಕ್ ಇರ್ತದೆ, ಬಾಡಿಗೆಯವರಿಗೆಲ್ಲ ಅದನ್ನೇ ಕೊಡಲಿ. ಹೆಚ್ಚಿನ ರೂಟರುಗಳಲ್ಲಿ ಅದು ಓನರ್ ಮನೆಯ ಟಿವಿ, ಸಿಸಿಟಿವಿಯನ್ನು ನಿಮ್ಮಿಂದ ಬೇರೆ ಇಡ್ತದೆ. ಹಾಗೆ ಹೇಳಿದರೆ ಅಂಕಲ್ ಬೇಗ ಒಪ್ತಾರೆ.

ನಿಮ್ಮ ಕೋಣೆಯಲ್ಲಿ ಪಬ್ಲಿಕ್ ಉಂಟಾ, ಪ್ರೈವೇಟ್ ಉಂಟಾ ಅಂತ ನೋಡಿ ಬರೆದು ತಿಳಿಸಿ. ಮುಂದಿನ ವಾರ ಸಿಗುವ.